ವಿದೇಶಕ್ಕೆ ಗ್ರೀಟಿಂಗ್ ಕಾರ್ಡ್, ಲಗ್ನಪತ್ರಿಕೆ ಕಳಿಸುವುದು ಹೇಗೆ? ಅಂಚೆ ನಿಯಮಗಳ ಗೊಂದಲಕ್ಕೆ ಒಂದು ಮಾರ್ಗದರ್ಶಿ

ನವೆಂಬರ್ ಬಂತೆಂದರೆ ಸಾಕು, ಒಂದೇ ಪ್ರಶ್ನೆ ಹತ್ತು ಕಡೆಯಿಂದ ಬರುತ್ತದೆ. ಮಗಳು ಅಮೆರಿಕದಲ್ಲಿದ್ದಾಳೆ, ಒಂದು ಕಾರ್ಡ್ ಕಳಿಸಬೇಕು, ಎಷ್ಟು ಸ್ಟಾಂಪ್ ಹಚ್ಚಬೇಕು? ಮದುವೆ ಸೀಸನ್ ಶುರುವಾದರೆ ಇದೇ ಪ್ರಶ್ನೆ ಲಗ್ನಪತ್ರಿಕೆ ಹಿಡಿದುಕೊಂಡು ಬರುತ್ತದೆ. ಒಂದು ಕೌಂಟರ್‌ನಲ್ಲಿ ಬರೀ ಸ್ಟಾಂಪ್ ಸಾಕು ಅಂತಾರೆ. ಇನ್ನೊಂದರಲ್ಲಿ ಆಧಾರ್ ಜೆರಾಕ್ಸ್ ತನ್ನಿ, ಫಾರಂ ತುಂಬಿ ಅಂತಾರೆ. ಮೂರನೆಯ ಕಡೆ ಇಲ್ಲಿ ಫಾರಿನ್ ತಗೊಳ್ಳಲ್ಲ, ದೊಡ್ಡ ಪೋಸ್ಟ್ ಆಫೀಸಿಗೆ ಹೋಗಿ ಅಂತ ಕಳಿಸಿಬಿಡುತ್ತಾರೆ. ಕೇಳಿದವರಿಗೆ ತಲೆ ಕೆಡುವುದು ಸಹಜ ಅಲ್ವಾ?

ಆದರೆ ಬಹಳ ಸಲ ಈ ಮೂವರೂ ಸರಿಯಾಗಿಯೇ ಹೇಳಿರುತ್ತಾರೆ. ಕವರಿನೊಳಗೆ ಇರುವುದು ಬರೀ ಕಾಗದವೋ, ಅಥವಾ ಅದರ ಜೊತೆ ಏನಾದರೂ ಸಾಮಾನು ಇದೆಯೋ ಅನ್ನುವುದರ ಮೇಲೆ ಎಲ್ಲ ನಿಯಮ ನಿಂತಿದೆ. ಕಾಗದ ಮಾತ್ರ ಇದ್ದರೆ ಅದು ಪತ್ರ. ಒಂದು ರಾಖಿ, ಒಂದು ಚಿಟಿಕೆ ಅಕ್ಷತೆ ಸೇರಿದರೂ ಅದು ಸಾಮಾನು. ಪತ್ರದ ದಾರಿ ಬೇರೆ, ಸಾಮಾನಿನ ದಾರಿ ಬೇರೆ, ದರವೂ ಬೇರೆ. ಇಷ್ಟು ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಇನ್ನೊಂದು ಮಾತು. ಈ ನಿಯಮಗಳಲ್ಲಿ ಬಹುಪಾಲು ನಮ್ಮ ಅಂಚೆ ಇಲಾಖೆ ಒಂದೇ ಕೂತು ಮಾಡಿದ್ದಲ್ಲ. 1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಆದ ಒಪ್ಪಂದದಿಂದ ವಿಶ್ವ ಅಂಚೆ ಒಕ್ಕೂಟ ಹುಟ್ಟಿತು, ಭಾರತ 1876ರಲ್ಲಿ ಅದಕ್ಕೆ ಸೇರಿತು. ಈಗ ಅದರಲ್ಲಿ 192 ದೇಶಗಳಿವೆ. ನೀವು ಇಲ್ಲಿ ಕೊಟ್ಟ ದುಡ್ಡಿಗೆ ಅಲ್ಲಿನ ಪೋಸ್ಟ್‌ಮ್ಯಾನ್ ಕಾರ್ಡ್ ತಂದುಕೊಡುವುದು ಈ ಒಪ್ಪಂದದ ಬಲದಿಂದ. ಅದಕ್ಕೇ ಅಳತೆ, ಫಾರಂ, ನಿಷೇಧದ ಪಟ್ಟಿ ಎಲ್ಲವೂ ಎರಡೂ ಕಡೆಯವರಿಗೆ ಒಪ್ಪಿಗೆಯಾಗುವಂತೆ ಇರಬೇಕು.

ಹಂತ 1: ಕವರಿನೊಳಗೆ ಏನೇನು ಹಾಕುತ್ತೀರಿ, ಮೊದಲು ತೀರ್ಮಾನಿಸಿ

ಕಾರ್ಡ್, ಕೈಬರಹದ ಕಾಗದ, ಒಂದೆರಡು ಫೋಟೊ. ಇಷ್ಟಿದ್ದರೆ ಯೋಚನೆ ಇಲ್ಲ, ಪತ್ರವಾಗಿ ಹೋಗುತ್ತದೆ. ತೊಂದರೆ ಬರುವುದು ನಾವು ಪ್ರೀತಿಯಿಂದ ಸೇರಿಸುವ ಸಣ್ಣಪುಟ್ಟ ವಸ್ತುಗಳಿಂದ.

ಮೊದಲನೆಯದು ಅಕ್ಷತೆ. ಲಗ್ನಪತ್ರಿಕೆ ಜೊತೆ ನಾಲ್ಕು ಕಾಳು ಮಂತ್ರಾಕ್ಷತೆ ಹಾಕುವ ಪದ್ಧತಿ ನಮ್ಮಲ್ಲಿ ತುಂಬ ಮನೆಗಳಲ್ಲಿದೆ. ಆದರೆ ಅಕ್ಷತೆ ಅಂದರೆ ಅಕ್ಕಿ. ಅಮೆರಿಕ, ಆಸ್ಟ್ರೇಲಿಯಾದಂಥ ದೇಶಗಳು ಧಾನ್ಯ, ಬೀಜಗಳ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಖಾಪ್ರಾ ಅನ್ನುವ ಧಾನ್ಯದ ಹುಳ ಇರುವ ದೇಶಗಳ ಅಕ್ಕಿಯನ್ನು ಅಮೆರಿಕ ಒಳಗೆ ಬಿಡುವುದಿಲ್ಲ, ಆ ದೇಶಗಳ ಸಾಲಿನಲ್ಲಿ ಭಾರತವೂ ಇದೆ. ನಾಲ್ಕೇ ಕಾಳು ತಾನೇ ಅಂದುಕೊಳ್ಳಬೇಡಿ. ನಾಲ್ಕು ಕಾಳಿಗೋಸ್ಕರ ಇಡೀ ಕವರ್ ತಡೆದು ನಿಲ್ಲಿಸಬಹುದು. ಆಶೀರ್ವಾದದ ಅಕ್ಷತೆಯನ್ನು ಇಲ್ಲಿ ದೇವರ ಮುಂದೆ ಇಟ್ಟು, ಅವರು ಊರಿಗೆ ಬಂದಾಗ ಕೊಡಿ.

ಸಂಕ್ರಾಂತಿ ಕಾರ್ಡಿನೊಳಗೆ ಎಳ್ಳುಬೆಲ್ಲದ ಪುಟ್ಟ ಪೊಟ್ಟಣ, ಯುಗಾದಿಗೆ ಒಂದು ಎಸಳು ಬೇವು. ಇವಕ್ಕೂ ಇದೇ ಮಾತು. ಬೀಜ, ಎಲೆ, ಹೂವು ಯಾವುದೂ ಬೇಡ.

ಈಗ ಬೀಜದ ಕಾಗದದ ಕಾರ್ಡುಗಳು ಜಾಸ್ತಿ ಬಂದಿವೆ. ಓದಿ ಮುಗಿಸಿ ಮಣ್ಣಲ್ಲಿ ಹೂತರೆ ತುಳಸಿಯೋ ಚೆಂಡುಹೂವೋ ಮೊಳೆಯುತ್ತದೆ. ಒಳ್ಳೆಯ ಆಲೋಚನೆಯೇ, ಊರೊಳಗೆ ಖಂಡಿತ ಹಂಚಿ. ಹೊರದೇಶಕ್ಕೆ ಮಾತ್ರ ಬೇಡ. ಅದು ನೋಡಲು ಕಾಗದ, ಕಾನೂನಿನ ಕಣ್ಣಿಗೆ ಬೀಜ.

ಅರಿಶಿನ ಕುಂಕುಮದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಪತ್ರಿಕೆಯ ನಾಲ್ಕು ಮೂಲೆಗೆ ಹಚ್ಚುವ ಅರಿಶಿನವನ್ನು ನೀರಲ್ಲಿ ಕಲಸಿ, ತೆಳ್ಳಗೆ ಹಚ್ಚಿ, ಪೂರ್ತಿ ಒಣಗಿಸಿ. ಒಣಗಿದ ಮೇಲೆ ಬಿಳಿ ಬಟ್ಟೆಯಿಂದ ಒರೆಸಿ ನೋಡಿ, ಬಟ್ಟೆಗೆ ಬಣ್ಣ ಹತ್ತಬಾರದು. ಪುಡಿಯಾಗಿ ಉದುರಿದರೆ ಅದು ಕವರಿನ ಅಂಚಿನಿಂದ ಹೊರಗೆ ಬರುತ್ತದೆ. 2001ರಲ್ಲಿ ಅಮೆರಿಕದಲ್ಲಿ ಆಂಥ್ರಾಕ್ಸ್ ಪುಡಿ ತುಂಬಿದ ಪತ್ರಗಳಿಂದ ಐವರು ಸತ್ತ ಮೇಲೆ, ಪುಡಿ ಉದುರುವ ಕವರ್ ಕಂಡರೆ ಅಲ್ಲಿನ ಅಂಚೆಯವರು ಗಾಬರಿಯಾಗುತ್ತಾರೆ. ಅವರ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ಕುಂಕುಮದ ಪೊಟ್ಟಣವಂತೂ ಬೇಡವೇ ಬೇಡ.

ದುಡ್ಡು. ಒಂದು ರೂಪಾಯಿ ನಾಣ್ಯ ಅಂಟಿಸಿದ ಮುಯ್ಯಿ ಕವರ್ ನೋಡಿದ್ದೀರಲ್ಲ, ಅದನ್ನು ಕಾರ್ಡಿನೊಳಗೆ ಇಟ್ಟು ಕಳಿಸುವವರಿದ್ದಾರೆ. ಸಾಮಾನ್ಯ ಪತ್ರದಲ್ಲಿ ನೋಟು, ನಾಣ್ಯ ಹಾಕುವಂತಿಲ್ಲ. ಕಳೆದುಹೋದರೆ ಕೇಳುವ ಹಕ್ಕೂ ಇರುವುದಿಲ್ಲ.

ಹಾಡುವ ಕಾರ್ಡ್, ಮಿನುಗುವ ಕಾರ್ಡ್. ತೆರೆದ ಕೂಡಲೇ ಹ್ಯಾಪಿ ಬರ್ತ್‌ಡೇ ಅನ್ನುವ ಕಾರ್ಡಿನಲ್ಲಿ ಗುಂಡಿ ಬ್ಯಾಟರಿ ಇರುತ್ತದೆ. ವಿಮಾನದಲ್ಲಿ ಹೋಗುವ ಟಪಾಲಿಗೆ ಲಿಥಿಯಂ ಬ್ಯಾಟರಿ ಅಪಾಯದ ವಸ್ತು. ನಿಮ್ಮ ಕಾರ್ಡಿನೊಳಗೆ ಇರುವುದು ಲಿಥಿಯಮ್ಮೋ ಬೇರೆಯದೋ ಸ್ಕ್ಯಾನರ್ ಮುಂದೆ ಕೂತವರಿಗೆ ತಿಳಿಯುವುದಿಲ್ಲ, ಎತ್ತಿ ಪಕ್ಕಕ್ಕಿಡುತ್ತಾರೆ. ಮೊಮ್ಮಗುವಿಗೆ ಹಾಡು ಕೇಳಿಸಬೇಕಾದರೆ ಫೋನಲ್ಲಿ ಹಾಡಿಬಿಡಿ.

ಹಂತ 2: ಅಳತೆ ಮತ್ತು ಆಕಾರ ನೋಡಿ

ಅಂತರರಾಷ್ಟ್ರೀಯ ನಿಯಮದ ಪ್ರಕಾರ ಸಣ್ಣ ಪತ್ರ ಅನ್ನಿಸಿಕೊಳ್ಳಲು ಕವರ್ ಕಡಿಮೆ ಅಂದರೆ 90 ಮಿ.ಮೀ. ಅಗಲ, 140 ಮಿ.ಮೀ. ಉದ್ದ ಇರಬೇಕು. ಜಾಸ್ತಿ ಅಂದರೆ 165 ಅಗಲ, 245 ಉದ್ದ. ದಪ್ಪ 5 ಮಿ.ಮೀ. ಮೀರಬಾರದು, ತೂಕ 100 ಗ್ರಾಂ ಮೀರಬಾರದು. ಇದರ ಮೇಲೆ ಇನ್ನೊಂದು ಷರತ್ತಿದೆ: ಉದ್ದವು ಅಗಲದ ಕಡಿಮೆ ಅಂದರೆ ಸುಮಾರು 1.4 ಪಟ್ಟು ಇರಬೇಕು.

ಈ ಕೊನೆಯ ಷರತ್ತು ಬಹಳ ಜನಕ್ಕೆ ಗೊತ್ತೇ ಇಲ್ಲ. ಈಗಿನ ಲಗ್ನಪತ್ರಿಕೆಗಳಲ್ಲಿ ಅರ್ಧಕ್ಕರ್ಧ ಚೌಕಾಕಾರದವು. ಚೌಕ ಕವರ್ ಈ ಲೆಕ್ಕಕ್ಕೆ ಕೂರುವುದಿಲ್ಲ. ವಿಂಗಡಿಸುವ ಯಂತ್ರಕ್ಕೆ ಯಾವ ಕಡೆ ಮೇಲು, ಯಾವ ಕಡೆ ಕೆಳಗೆ ಅಂತ ಗೊತ್ತಾಗದೆ ಹೊರಗೆ ತಳ್ಳುತ್ತದೆ, ಆಮೇಲೆ ಕೈಯಲ್ಲಿ ವಿಂಗಡಿಸಬೇಕು, ಅದು ತಡವಾಗುತ್ತದೆ.

ಅಂಗಡಿಯಲ್ಲಿ ಸಿ6, ಸಿ5 ಅಂತ ಕೇಳಿದರೆ ಸಿಗುವ ಕವರುಗಳು ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತವೆ. ಸಿ6 ಅಂದರೆ 114 × 162 ಮಿ.ಮೀ., ಸಿ5 ಅಂದರೆ 162 × 229. ಮನೆಯಲ್ಲೇ ಕಾರ್ಡ್ ಮಾಡುವವರು ಮೊದಲು ಕವರ್ ಕೊಂಡು, ಅದಕ್ಕೆ ತಕ್ಕಂತೆ ಕಾರ್ಡ್ ಕತ್ತರಿಸಿ. ಮಣಿ, ಕನ್ನಡಿ ಚೂರು, ಉಬ್ಬಿದ ಗಣಪತಿ, ಕ್ವಿಲ್ಲಿಂಗ್ ಸುರುಳಿ ಇದ್ದರೆ ಯಂತ್ರದ ಉರುಳೆಗಳ ನಡುವೆ ಕವರ್ ಹರಿಯುತ್ತದೆ. ಸಮತಟ್ಟಾಗಿ ಇರಲಿ.

ಕವರ್ ಇಲ್ಲದ ಚಿತ್ರದ ಪೋಸ್ಟ್‌ಕಾರ್ಡ್ ಆದರೆ ಗರಿಷ್ಠ 120 × 235 ಮಿ.ಮೀ. ಅಂಚೆ ಕಚೇರಿಯ 50 ಪೈಸೆಯ ಕಾರ್ಡ್ ದೇಶದೊಳಗೆ ಮಾತ್ರ, ಅದನ್ನೇ ಹಾಗೆ ಹೊರಗೆ ಹಾಕಿದರೆ ಹೋಗುವುದಿಲ್ಲ. ಪೋಸ್ಟ್‌ಕಾರ್ಡಿಗೆ ಕವರ್ ಪತ್ರಕ್ಕಿಂತ ಕಡಿಮೆ ದರ ಇದೆ, ಕೇಳಿ ತಿಳಿದುಕೊಳ್ಳಿ.

ಹಂತ 3: ತೂಕ

ಕವರ್ ಪತ್ರಕ್ಕೆ ಮೊದಲ ದರ 20 ಗ್ರಾಂವರೆಗೆ. ಅಲ್ಲಿಂದ ಮೇಲೆ ದರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಇಪ್ಪತ್ತು ಗ್ರಾಂ ಅಂದರೆ ಎಷ್ಟು? ಸಾಮಾನ್ಯ ಜೆರಾಕ್ಸ್ ಹಾಳೆ, ಎ4 ಅಳತೆ, 80 ಜಿಎಸ್‌ಎಂ, ಒಂದಕ್ಕೆ 5 ಗ್ರಾಂ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಅನ್ನುವ ಲೆಕ್ಕ. ಕಾರ್ಡಿಗೆ ಬಳಸುವ ದಪ್ಪ ಹಾಳೆ 300 ಜಿಎಸ್‌ಎಂ ಇದ್ದರೆ, ಎ4 ಹಾಳೆಯೊಂದೇ ಹತ್ತಿರ ಹತ್ತಿರ 19 ಗ್ರಾಂ. ಅದನ್ನು ಮಡಚಿ ದೊಡ್ಡ ಕವರಿಗೆ ಹಾಕಿದಿರಿ ಅಂದರೆ 20 ದಾಟಿಹೋಯಿತು. ಅದೇ ಹಾಳೆಯನ್ನು ಎರಡು ತುಂಡು ಮಾಡಿ, ಒಂದು ತುಂಡನ್ನು ಮಡಚಿ ಸಿ6 ಕವರಿಗೆ ಹಾಕಿದರೆ ಒಟ್ಟು 20 ಗ್ರಾಂ ಒಳಗೇ ಇರುತ್ತದೆ, ಇನ್ನೊಂದು ಕಾಗದ ಬರೆದು ಹಾಕುವುದಕ್ಕೂ ಜಾಗ ಉಳಿಯುತ್ತದೆ.

ಹತ್ತಾರು ಲಗ್ನಪತ್ರಿಕೆ ಹೊರದೇಶಕ್ಕೆ ಹೋಗುವುದಿದ್ದರೆ ನನ್ನ ಸಲಹೆ ಇಷ್ಟೇ. ಊರಿನವರಿಗೆ ಹಂಚುವ ಡಬ್ಬದಂಥ ಪತ್ರಿಕೆ ಬೇಡ, ಅದೇ ವಿಷಯವನ್ನು ಒಂದೇ ಹಾಳೆಯಲ್ಲಿ ಬೇರೆಯಾಗಿ ಮುದ್ರಿಸಿ. ಪ್ರೆಸ್ಸಿನವರಿಗೆ ಮೊದಲೇ ಹೇಳಿದರೆ ಮಾಡಿಕೊಡುತ್ತಾರೆ.

ತೂಕಕ್ಕಿಂತ ಕಡಿಮೆ ಸ್ಟಾಂಪ್ ಹಚ್ಚಿದರೆ ಕವರ್ ನಿಮಗೇ ವಾಪಸ್ ಬರಬಹುದು. ಅಥವಾ ಅದರ ಮೇಲೆ ಇಂಗ್ಲಿಷಿನ ಟಿ ಅಕ್ಷರದ ಮುದ್ರೆ ಬಿದ್ದು, ಅಲ್ಲಿ ಪಡೆಯುವವರ ಹತ್ತಿರ ಬಾಕಿ ದುಡ್ಡು ಕೇಳಬಹುದು. ಶುಭಾಶಯ ಕಳಿಸಿ ಅವರಿಂದ ದುಡ್ಡು ಕಟ್ಟಿಸುವುದು ಚೆನ್ನಾಗಿರುವುದಿಲ್ಲ. ತೂಕ ಮಾಡಿಸಿಯೇ ಹಚ್ಚಿ.

ಹಂತ 4: ವಿಳಾಸ ಬರೆಯುವುದು

ಬೇರೆಲ್ಲ ಸರಿಯಿದ್ದೂ ಕಾರ್ಡ್ ತಲುಪದಿರುವುದು ಹೆಚ್ಚಾಗಿ ಇಲ್ಲಿ ಎಡವಿದಾಗ. ವಿಳಾಸ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಲ್ಲಿರಲಿ. ದೇಶದ ಹೆಸರು ಕೊನೆಯ ಸಾಲಿನಲ್ಲಿ, ಅದೊಂದೇ, ದೊಡ್ಡಕ್ಷರಗಳಲ್ಲಿ. ಹೆಸರನ್ನು ಕನ್ನಡದಲ್ಲೂ ಬರೆಯುವ ಆಸೆ ಇದ್ದರೆ ಒಳಗಿನ ಕಾರ್ಡಿನ ಮೇಲೆ ಬರೆಯಿರಿ.

ದೇಶದಿಂದ ದೇಶಕ್ಕೆ ಕೆಲವು ವಿಶೇಷಗಳಿವೆ.

ಕೊಲ್ಲಿ ದೇಶಗಳು: ಮಂಗಳೂರು, ಉಡುಪಿ, ಭಟ್ಕಳದ ಕಡೆಯವರು ಇದನ್ನು ಗಮನಿಸಿ. ಯುಎಇಯಲ್ಲಿ ಪತ್ರಗಳು ಸಾಮಾನ್ಯವಾಗಿ ಪಿ.ಒ. ಬಾಕ್ಸಿಗೆ ಹೋಗುತ್ತವೆ, ಮನೆ ಬಾಗಿಲಿಗೆ ಅಲ್ಲ. ರಸ್ತೆ, ಬಿಲ್ಡಿಂಗ್, ಫ್ಲ್ಯಾಟ್ ನಂಬರ್ ಎಲ್ಲ ಬರೆದು ಬಾಕ್ಸ್ ನಂಬರ್ ಬಿಟ್ಟರೆ ಪ್ರಯೋಜನವಿಲ್ಲ. ತುಂಬ ಜನ ಕಂಪನಿಯ ಬಾಕ್ಸ್ ಬಳಸುತ್ತಾರೆ, ಆಗ ಅವರ ಹೆಸರಿನ ಕೆಳಗೆ ಕಂಪನಿಯ ಹೆಸರೂ ಬೇಕು.

ಜರ್ಮನಿ: ಅಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರುವುದಿಲ್ಲ. ಕೆಳಗಿನ ಟಪಾಲು ಡಬ್ಬದ ಮೇಲೆ ಇರುವ ಹೆಸರು ನೋಡಿ ಹಾಕುತ್ತಾರೆ. ಓದಲು ಹೋದ ಮಗ ಬೇರೆಯವರ ಮನೆಯಲ್ಲಿ ರೂಮು ಹಿಡಿದಿದ್ದರೆ, ಡಬ್ಬದ ಮೇಲೆ ಯಾರ ಹೆಸರಿದೆ ಅಂತ ಕೇಳಿ, ಆ ಹೆಸರಿನ ಮುಂದೆ ಸಿ/ಒ ಹಾಕಿ ಬರೆಯಿರಿ. ನಮ್ಮಲ್ಲಿ ಕರೆಯುವ ಹೆಸರು, ಇನಿಷಿಯಲ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಪಾಸ್‌ಪೋರ್ಟ್‌ನಲ್ಲಿರುವ ಹಾಗೆ ಪೂರ್ತಿ ಹೆಸರು ಬೇಕು.

ಅಮೆರಿಕಕ್ಕೆ ಅಪಾರ್ಟ್‌ಮೆಂಟ್ ನಂಬರ್, ರಾಜ್ಯದ ಎರಡಕ್ಷರ, ಜಿಪ್ ಕೋಡ್ ಮೂರೂ ಇರಲಿ. ಕೆನಡಾ, ಬ್ರಿಟನ್ ಕೋಡುಗಳಲ್ಲಿ ಅಕ್ಷರ, ಅಂಕಿ ಬೆರೆತಿರುತ್ತವೆ. ಸೊನ್ನೆಯನ್ನೂ ಓ ಅಕ್ಷರವನ್ನೂ ಗೊಂದಲ ಮಾಡಿಕೊಳ್ಳಬೇಡಿ.

ಕಳಿಸುವವರ ವಿಳಾಸ ಎಡಗಡೆ ಮೇಲ್ತುದಿಯಲ್ಲಿ ಸಣ್ಣದಾಗಿ, ಕೊನೆಯಲ್ಲಿ ಪಿನ್‌ಕೋಡ್ ಮತ್ತು ಇಂಡಿಯಾ. ಇದನ್ನು ಬಿಡಲೇಬೇಡಿ. ಇದಿಲ್ಲದೆ ತಲುಪದ ಕಾರ್ಡ್ ವಾಪಸ್ ಬರುವುದಕ್ಕೆ ದಾರಿಯೇ ಇರುವುದಿಲ್ಲ. ಕಡು ಕೆಂಪು, ಕಡು ನೀಲಿ ಕವರಾದರೆ ಬಿಳಿ ಚೀಟಿ ಅಂಟಿಸಿ ಅದರ ಮೇಲೆ ಬರೆಯಿರಿ.

ಹಂತ 5: ಯಾವ ಸೇವೆ?

ಸಾಮಾನ್ಯ ಏರ್‌ಮೇಲ್: ಅಗ್ಗ. ನಂಬರ್ ಇಲ್ಲ, ಎಲ್ಲಿದೆ ಅಂತ ನೋಡಲಾಗುವುದಿಲ್ಲ. ಬರೀ ಕಾರ್ಡಿಗೆ ಇದೇ ಸಾಕು ಅಂತ ನನ್ನ ಅಭಿಪ್ರಾಯ.

ರಿಜಿಸ್ಟರ್ಡ್: ಹದಿಮೂರು ಅಕ್ಷರ-ಅಂಕಿಗಳ ನಂಬರ್ ಕೊಡುತ್ತಾರೆ, ಆರ್ ಇಂದ ಶುರುವಾಗಿ ಐಎನ್ ಅಂತ ಮುಗಿಯುತ್ತದೆ. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟ್ ಅನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದರು ಅನ್ನುವ ಸುದ್ದಿ ಓದಿ ಹಲವರು ಗೊಂದಲಕ್ಕೆ ಬಿದ್ದಿದ್ದಾರೆ. ಆ ವಿಲೀನ ದೇಶದೊಳಗಿನ ಟಪಾಲಿಗೆ ಸಂಬಂಧಿಸಿದ್ದು.

ಅಂತರರಾಷ್ಟ್ರೀಯ ಸ್ಪೀಡ್ ಪೋಸ್ಟ್: ಇಎಂಎಸ್ ಅಂತಲೂ ಕರೆಯುತ್ತಾರೆ. ಬೇಗ ಹೋಗುತ್ತದೆ, ಆದರೆ ಒಂದು ಕಾರ್ಡಿಗೆ ತುಂಬ ದುಬಾರಿ. ಮದುವೆ ಹತ್ತಿರ ಬಂದಿದ್ದರೆ ಮಾತ್ರ ಯೋಚಿಸಿ. ಬುಕ್ ಮಾಡುವಾಗ ಡಾಕ್ಯುಮೆಂಟ್ ಅಂತ ಹೇಳಿ.

ಇನ್ನು ಬುಕ್ ಪೋಸ್ಟ್. ಪತ್ರಿಕೆಯ ಕವರಿನ ಬಾಯಿ ಅಂಟಿಸದೆ ಒಳಗೆ ಮಡಚಿ, ಮೇಲೆ ಬುಕ್ ಪೋಸ್ಟ್ ಅಂತ ಬರೆದು ಕಡಿಮೆ ಸ್ಟಾಂಪ್ ಹಚ್ಚುವ ರೂಢಿ ನಮ್ಮ ಹಿರಿಯರದು. ಅಂತರರಾಷ್ಟ್ರೀಯ ಅಂಚೆಯಲ್ಲೂ ಅಚ್ಚಾದ ಕಾಗದಕ್ಕೆ ಬೇರೆ ದರ ಇತ್ತು, ಹಬ್ಬದ ಕಾರ್ಡಿನ ಮೇಲೆ ಐದು ಪದಗಳ ಶುಭಾಶಯ ಮಾತ್ರ ಕೈಯಲ್ಲಿ ಬರೆಯಬಹುದು ಅನ್ನುವ ಹಳೆಯ ನಿಯಮವೂ ಇತ್ತು. ಆ ಲೆಕ್ಕ ಹಿಡಿದು ಈಗ ಕಳಿಸಬೇಡಿ. ಬಾಯಿ ತೆರೆದ ಕವರ್ ದೂರದ ದಾರಿಯಲ್ಲಿ ಇನ್ನೊಂದು ಕವರಿಗೆ ಸಿಕ್ಕಿಹಾಕಿಕೊಳ್ಳುತ್ತದೆ, ಒಳಗಿನ ಹಾಳೆ ಜಾರುತ್ತದೆ. ಅಂಟಿಸಿ, ಪತ್ರದ ದರ ಕಟ್ಟಿ, ಮನಸ್ಸಿಗೆ ಬಂದಷ್ಟು ಬರೆಯಿರಿ.

ಹಂತ 6: ಕೌಂಟರ್‌ನಲ್ಲಿ

ದರವನ್ನು ಹೊರಡುವ ಮುಂಚೆ ಅಂಚೆ ಇಲಾಖೆಯ ವೆಬ್‌ಸೈಟಿನ ದರದ ಲೆಕ್ಕದಲ್ಲಿ ನೋಡಿಕೊಳ್ಳಿ. ದೇಶ, ತೂಕ ಕೊಟ್ಟ ಮೇಲೆ ಲೆಟರ್ ಅಂತ ಆರಿಸಬೇಕು. ಪಾರ್ಸೆಲ್ ಅಂತ ಆರಿಸಿ, ಸಾವಿರಗಟ್ಟಲೆ ರೂಪಾಯಿ ನೋಡಿ ಬೆಚ್ಚಿದವರು ತುಂಬ ಜನ. ಹಳೆಯ ಲೇಖನಗಳಲ್ಲಿ ಸಿಗುವ ದರ ನಂಬಬೇಡಿ.

ಕೌಂಟರ್‌ನಲ್ಲಿ ಮೊದಲ ವಾಕ್ಯವೇ ಹೀಗಿರಲಿ: "ಫಾರಿನ್ ಆರ್ಡಿನರಿ ಲೆಟರ್, ಒಳಗೆ ಕಾರ್ಡ್ ಮಾತ್ರ ಇದೆ, ತೂಕ ನೋಡಿ ಸ್ಟಾಂಪ್ ಕೊಡಿ." ಸುಮ್ನೆ "ಇದನ್ನ ಅಮೆರಿಕಕ್ಕೆ ಕಳಿಸ್ಬೇಕು" ಅಂದರೆ ಅವರು ಸ್ಪೀಡ್ ಪೋಸ್ಟ್ ಅಂದುಕೊಂಡು ಫಾರಂ ಕೊಡುತ್ತಾರೆ. ಹೊರಗಿನ ಕವರ್ ಪೂರ್ತಿ ಅಂಟಿಸದೆ ಹೋಗಿ, ತೋರಿಸಿ ಆಮೇಲೆ ಅಂಟಿಸಿ. ಹಳ್ಳಿಯ ಶಾಖಾ ಕಚೇರಿಯಲ್ಲಿ ಆಗದಿದ್ದರೆ ತಾಲ್ಲೂಕಿನ ಅಥವಾ ಜಿಲ್ಲೆಯ ಪ್ರಧಾನ ಅಂಚೆ ಕಚೇರಿಗೆ ಹೋಗಿ.

ಸ್ಟಾಂಪ್ ಬಲಗಡೆ ಮೇಲ್ತುದಿಯಲ್ಲಿ, ಒಂದರ ಮೇಲೊಂದು ಬಾರದಂತೆ ಹಚ್ಚಿ. ಗೋಂದು ಬಳಸಿ, ಮೇಲೆ ಸೆಲ್ಲೋ ಟೇಪ್ ಬೇಡ. ಟೇಪಿನ ಮೇಲೆ ಠಸ್ಸೆಯ ಶಾಯಿ ನಿಲ್ಲುವುದಿಲ್ಲ. ಚಂದದ ಸ್ಟಾಂಪ್ ಬೇಕಾದವರು ಬೆಂಗಳೂರು ಜಿಪಿಒದಂಥ ದೊಡ್ಡ ಕಚೇರಿಗಳಲ್ಲಿರುವ ಫಿಲಾಟೆಲಿ, ಅಂದರೆ ಸ್ಟಾಂಪ್ ಸಂಗ್ರಹಿಸುವವರ ವಿಭಾಗದಲ್ಲಿ ಕೇಳಿ. ಹೊರದೇಶದಲ್ಲಿ ಹುಟ್ಟಿ ಬೆಳೆಯುವ ಮಕ್ಕಳಿಗೆ ನಮ್ಮ ಸ್ಟಾಂಪ್ ನೋಡುವುದೇ ಒಂದು ಖುಷಿ. ಎಡಗಡೆ ನೀಲಿ ಏರ್‌ಮೇಲ್ ಚೀಟಿ ಹಚ್ಚಿ. ಅದರ ಮೇಲೆ ಪಾರ್ ಅವಿಯೋಂ ಅಂತಲೂ ಇರುತ್ತದೆ, ವಿಮಾನದಲ್ಲಿ ಅಂತ ಫ್ರೆಂಚ್‌ನಲ್ಲಿ. ಚೀಟಿ ಸಿಗದಿದ್ದರೆ ಪೆನ್ನಲ್ಲೇ ಬರೆದರೂ ಆಗುತ್ತದೆ.

ಹಂತ 7: ಸಾಮಾನು ಸೇರಿಸಲೇಬೇಕು ಅಂದರೆ

ರಾಖಿ, ಕಸೂತಿ ಮಾಡಿದ ಬುಕ್‌ಮಾರ್ಕ್, ಖಾಲಿ ಕಾರ್ಡುಗಳ ಕಟ್ಟು. ಇವೆಲ್ಲ ಸಾಮಾನು. ಇವಕ್ಕೆ ಸ್ಪೀಡ್ ಪೋಸ್ಟ್ ಅಥವಾ ಟ್ರ್ಯಾಕ್ ಮಾಡಬಹುದಾದ ಪ್ಯಾಕೆಟ್ ಸೇವೆ ಬೇಕು, ಗುರುತಿನ ಚೀಟಿ ಬೇಕು, ಕಸ್ಟಮ್ಸ್ ಘೋಷಣೆ ಬೇಕು. ಸಣ್ಣ ಮೌಲ್ಯಕ್ಕೆ ಇರುವ ಫಾರಂ ಹೆಸರು ಸಿಎನ್ 22, ದೊಡ್ಡದಕ್ಕೆ ಸಿಎನ್ 23. ಅದರಲ್ಲಿ ಬರೀ ಗಿಫ್ಟ್ ಅಂತ ಬರೆದರೆ ಸಾಲದು. ಏನು, ಎಷ್ಟು, ಯಾವುದರಿಂದ ಮಾಡಿದ್ದು, ಬೆಲೆ ಎಷ್ಟು ಅಂತ ಇಂಗ್ಲಿಷಿನಲ್ಲಿ ಬರೆಯಿರಿ. ಎಚ್‌ಎಸ್ ಕೋಡ್ ಕೇಳುತ್ತಾರೆ, ಅದು ಜಗತ್ತಿನ ಎಲ್ಲ ಕಸ್ಟಮ್ಸ್‌ನವರೂ ವಸ್ತುಗಳನ್ನು ಗುರುತಿಸಲು ಬಳಸುವ ಅಂಕಿ. ಅಚ್ಚಾದ ಶುಭಾಶಯ ಕಾರ್ಡುಗಳು 4909ರ ಕೆಳಗೆ ಬರುತ್ತವೆ. ಈ ವಿವರ ಕಂಪ್ಯೂಟರಿಗೆ ಹೋಗಿ, ಸಾಮಾನಿಗಿಂತ ಮುಂಚೆ ಆ ದೇಶಕ್ಕೆ ತಲುಪಬೇಕು. ಅಮೆರಿಕ, ಯುರೋಪ್ ಎರಡೂ ಇದನ್ನು ಕೇಳುತ್ತವೆ. ಕೈಯಲ್ಲಿ ತುಂಬಿದ ಚೀಟಿಯನ್ನೇ ಅಂಟಿಸಿ ಡಬ್ಬಕ್ಕೆ ಹಾಕಿದರೆ ನಡೆಯದಿರುವುದು ಅದಕ್ಕೇ.

ಹಂತ 8: ದಾರಿ ತೆರೆದಿದೆಯೇ ನೋಡಿ, ಬೇಗ ಹಾಕಿ

2025ರ ಆಗಸ್ಟಿನಲ್ಲಿ ಅಮೆರಿಕ ತನ್ನ ಸುಂಕದ ನಿಯಮ ಬದಲಿಸಿತು. ಮೊದಲು ಸಾಮಾನಿನ ಬುಕಿಂಗ್ ನಿಂತಿತು, ಆಗ ಪತ್ರ ಮತ್ತು 100 ಡಾಲರ್ ಒಳಗಿನ ಉಡುಗೊರೆಗೆ ಅವಕಾಶ ಇತ್ತು. ತಿಂಗಳ ಕೊನೆಗೆ ಅದೂ ನಿಂತು, ಪತ್ರಗಳನ್ನೂ ತೆಗೆದುಕೊಳ್ಳಲಿಲ್ಲ. ಮತ್ತೆ ಶುರುವಾಗಿದ್ದು ಅಕ್ಟೋಬರ್ 15ಕ್ಕೆ, ದೀಪಾವಳಿಗೆ ಐದಾರು ದಿನ ಇರುವಾಗ. ಆ ವರ್ಷ ಹಬ್ಬದ ಕಾರ್ಡ್ ಬರೆದಿಟ್ಟವರಿಗೆಲ್ಲ ನಿರಾಸೆಯಾಯಿತು. ಯುದ್ಧ, ವಿಮಾನ ರದ್ದು, ಅಲ್ಲಿನ ಅಂಚೆ ಮುಷ್ಕರ ಇಂಥ ಕಾರಣಕ್ಕೂ ದಾರಿ ಮುಚ್ಚುತ್ತದೆ. ಕಾರ್ಡ್ ಬರೆಯುವ ಮುಂಚೆ ಅಂಚೆ ಇಲಾಖೆಯ ಪ್ರಕಟಣೆ ಒಮ್ಮೆ ನೋಡಿ.

ಸಾಮಾನ್ಯ ಏರ್‌ಮೇಲ್ ಆದರೆ ಹಬ್ಬಕ್ಕೆ ಐದಾರು ವಾರ ಮುಂಚೆ ಹಾಕಿ. ಕ್ರಿಸ್ಮಸ್ ಕಾರ್ಡಾದರೆ ನವೆಂಬರ್ ಮೊದಲ ಅರ್ಧದಲ್ಲೇ, ಡಿಸೆಂಬರಿನಲ್ಲಿ ಎಲ್ಲ ದೇಶಗಳಲ್ಲೂ ಟಪಾಲು ತುಂಬಿ ತುಳುಕುತ್ತಿರುತ್ತದೆ. ಸಂಕ್ರಾಂತಿಯ ಕಾರ್ಡೂ ಅದೇ ಗದ್ದಲಕ್ಕೆ ಸಿಕ್ಕುತ್ತದೆ ಅನ್ನುವುದನ್ನು ಮರೆಯಬೇಡಿ, ನವೆಂಬರ್ ಕೊನೆಗೆ ಹಾಕಿದರೆ ಸರಿ.

ಅಲ್ಲಿಂದ ಇಲ್ಲಿಗೆ ಕಳಿಸುವವರಿಗೂ ಒಂದು ಮಾತು. ಅಮೆರಿಕದ ಸಾಮಾನ್ಯ ಫಾರೆವರ್ ಸ್ಟಾಂಪ್ ಒಂದೇ ಸಾಲದು, ಗ್ಲೋಬಲ್ ಫಾರೆವರ್ ಅಂತ ಬೇರೆ ಇದೆ, ಒಂದು ಔನ್ಸ್ ಅಂದರೆ 28 ಗ್ರಾಂ ಪತ್ರಕ್ಕೆ. ಚೌಕ ಕಾರ್ಡಿಗೆ ಅಲ್ಲಿ ಹೆಚ್ಚುವರಿ ದರ ಕಟ್ಟಬೇಕು. ಊರಿನ ವಿಳಾಸದಲ್ಲಿ ಪಿನ್‌ಕೋಡ್ ಬರೆಯಿರಿ, ಜೊತೆಗೆ ಅಪ್ಪ ಅಮ್ಮನ ಮೊಬೈಲ್ ನಂಬರ್ ಹಾಕಿದರೆ ಪೋಸ್ಟ್‌ಮ್ಯಾನ್ ಫೋನ್ ಮಾಡಿ ಕೇಳುತ್ತಾರೆ.

ಹಂತ 9: ವಾಪಸ್ ಬಂದರೆ

ಹಾಕುವ ಮುಂಚೆ ಕವರಿನ ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ. ಕಾರ್ಡ್ ವಾಪಸ್ ಬಂದರೆ ಮೇಲೆ ಒಂದು ಚೀಟಿ ಇರುತ್ತದೆ, ಸಿಎನ್ 15 ಅಂತ. ಅದರಲ್ಲಿ ಕಾರಣಗಳು ಫ್ರೆಂಚ್‌ನಲ್ಲಿರುತ್ತವೆ, ಒಂದಕ್ಕೆ ಗುರುತು ಹಾಕಿರುತ್ತಾರೆ. ಆಂಕೊನ್ಯು ಅಂದರೆ ಆ ಹೆಸರಿನವರು ಅಲ್ಲಿಲ್ಲ, ಡಬ್ಬದ ಮೇಲಿನ ಹೆಸರು ಕೇಳಿ. ಅಡ್ರೆಸ್ ಆಂಸ್ಯುಫಿಜಾಂತ್ ಅಂದರೆ ವಿಳಾಸ ಪೂರ್ತಿ ಇಲ್ಲ, ಫ್ಲ್ಯಾಟ್ ನಂಬರೋ ಕೋಡೋ ಬಿಟ್ಟಿದ್ದೀರಿ. ನೋಂ ರೆಕ್ಲಮೆ ಅಂದರೆ ಅಂಚೆ ಕಚೇರಿಗೆ ಬಂದು ಯಾರೂ ತೆಗೆದುಕೊಂಡಿಲ್ಲ, ರಿಜಿಸ್ಟರ್ಡ್ ಕಳಿಸಿದಾಗ ಇದು ಆಗುತ್ತದೆ. ರೆಫ್ಯುಜೆ ಅಂದರೆ ಬೇಡ ಅಂದಿದ್ದಾರೆ, ಕೆಲವು ಸಲ ಬಾಕಿ ದುಡ್ಡು ಕೇಳಿದ್ದರಿಂದ. ಕಾರಣ ನೋಡಿ ವಿಳಾಸ ಸರಿಮಾಡಿ, ಹೊಸ ಕವರಿಗೆ ಹಾಕಿ. ಹಳೆಯ ಸ್ಟಾಂಪ್ ಮೇಲೆ ಠಸ್ಸೆ ಬೀಳದಿದ್ದರೂ ಕಿತ್ತು ಹಚ್ಚಬೇಡಿ, ಹೊಸ ಸ್ಟಾಂಪನ್ನೇ ಕೊಳ್ಳಿ.